ಗ್ರಾಮ ಪಂಚಾಯತಿ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದು ಅವಧಿಗೆ ನಮ್ಮೂರಿನ ಗ್ರಾಮ ಪಂಚಾಯತಿ ಸದಸ್ಯನಾಗಿದ್ದವನು. ಸದಸ್ಯತ್ವ ಮುಗಿದು ವರ್ಷಗಳಾದರೂ ಕೇಳುವವರು ಕೇಳುವುದನ್ನು ಬಿಟ್ಟಿಲ್ಲ. ಹಾಲಿನ ಡೇರಿಯ ಸಾಲಿನಲ್ಲಿ ಕೇಳುತ್ತಾರೆ, ಮದುವೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಒಮ್ಮೆಯಂತೂ ಸಾವಿನ ಮನೆಯ ಜಗುಲಿಯಲ್ಲೇ ಮರಣ ಪ್ರಮಾಣಪತ್ರದ ಮಾತು ಬಂತು. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವುಗಳಿಗೆ ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಎಲ್ಲವೂ ಕರ್ನಾಟಕದ ಗ್ರಾಮ ಪಂಚಾಯತಿಯ ಮಾತು. ಪಟ್ಟಣದವರಿಗೆ ಕೊನೆಯ ಕಡೆ ಸ್ವಲ್ಪ ಜಾಗ ಕೊಟ್ಟಿದ್ದೇನೆ.

ಪಂಚಾಯತಿ ಎಂದರೆ ಇನ್ನೊಂದು ಸರ್ಕಾರಿ ಕಚೇರಿ ತಾನೇ?

ಅಲ್ಲ. ಕಟ್ಟಡಕ್ಕೆ ಹಚ್ಚಿದ ಬಣ್ಣ, ಒಳಗಿನ ಕಬ್ಬಿಣದ ಬೀರು ಎಲ್ಲವೂ ಕಚೇರಿಯ ಹಾಗೆಯೇ ಕಾಣುತ್ತವೆ, ನಿಜ. ಆದರೆ ಕಾನೂನಿನ ಕಣ್ಣಿನಲ್ಲಿ ಅದು ಸ್ಥಳೀಯ ಸರ್ಕಾರ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮರುತಿಂಗಳೇ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಈಗ ಅದರ ಹೆಸರು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಕುಡಿಯುವ ನೀರಿನಿಂದ ಗ್ರಂಥಾಲಯದವರೆಗೆ 29 ವಿಷಯಗಳನ್ನು ಪಂಚಾಯತಿಗಳಿಗೆಂದು ಗುರುತಿಸಲಾಗಿದೆ.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳನ್ನು ತಂದರು. 1987ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಹಳ್ಳಿ ಹಳ್ಳಿಗೆ ಕೊಳವೆಬಾವಿ ತೋಡಿಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ನಮ್ಮಲ್ಲಿ ಹಿರಿಯರು ಈಗಲೂ ಪಂಚಾಯತಿಗೆ ‘ಮಂಡಲ’ ಎನ್ನುತ್ತಾರೆ, ಅಧ್ಯಕ್ಷರಿಗೆ ‘ಪ್ರಧಾನರು’ ಎನ್ನುತ್ತಾರೆ.

ಅಧ್ಯಕ್ಷರು ದೊಡ್ಡವರೋ, ಪಿಡಿಒ ದೊಡ್ಡವರೋ?

ಇಬ್ಬರಿಗೂ ಇಷ್ಟವಾಗದ ಪ್ರಶ್ನೆ. ತೀರ್ಮಾನ ಸಭೆಯದು, ಜಾರಿ ಪಿಡಿಒ ಅವರದು. ಅಂದರೆ ಸದಸ್ಯರು ಕೂಡಿ ಠರಾವು ಮಾಡುತ್ತಾರೆ. ಪಿಡಿಒ, ಎಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅದು ಕಾನೂನಿನ ಚೌಕಟ್ಟಿನಲ್ಲಿದೆಯೇ ಎಂದು ನೋಡಿ ಕಾರ್ಯರೂಪಕ್ಕೆ ತರುತ್ತಾರೆ. ಹಣ ಹೊರಗೆ ಹೋಗಬೇಕಾದರೆ ಇಬ್ಬರ ಸಹಿಯೂ ಬೇಕು. ಇಬ್ಬರಲ್ಲಿ ಒಬ್ಬರು ಮುನಿಸಿಕೊಂಡರೆ ಬೀದಿದೀಪದ ಬಲ್ಬಿನ ಬಿಲ್ಲೂ ಮೇಜಿನ ಮೇಲೆ ಧೂಳು ತಿನ್ನುತ್ತದೆ. ಈ ಜೋಡಿಸಹಿಯನ್ನು ಬೈಯುವವರು ಬಹಳ. ನನಗೆ ಮಾತ್ರ ಅದು ಇರಲಿ ಎನಿಸುತ್ತದೆ.

ಅವರ ಕೆಳಗೆ ಕಾರ್ಯದರ್ಶಿ, ಲೆಕ್ಕ ಸಹಾಯಕ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಸ್ವಚ್ಛತಾ ಸಿಬ್ಬಂದಿ ಇರುತ್ತಾರೆ. ಊರಿನ ದಿನ ಸಾಗುವುದು ಈ ಸಾಲಿನ ಕೊನೆಯವರಿಂದ. ನೀರುಗಂಟಿ ಎರಡು ದಿನ ನೆಂಟರ ಮನೆಗೆ ಹೋದರೆ ಅಧ್ಯಕ್ಷರ ಫೋನು ಬೆಳಿಗ್ಗೆ ಐದಕ್ಕೇ ಹೊಡೆದುಕೊಳ್ಳಲು ಶುರುವಾಗುತ್ತದೆ.

ಸದಸ್ಯರ ಸಂಖ್ಯೆ ಹೇಗೆ ನಿಗದಿಯಾಗುತ್ತದೆ? ಮೀಸಲಾತಿ ಎಷ್ಟು?

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಅವರ ಜನಸಂಖ್ಯೆಗೆ ಅನುಗುಣವಾಗಿ, ಹಿಂದುಳಿದ ವರ್ಗಗಳಿಗೂ ಸ್ಥಾನ ಮೀಸಲು. ಎಲ್ಲ ವರ್ಗಗಳಲ್ಲೂ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಗ್ರಾಮ ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ. ಆಟೊ, ಗ್ಯಾಸ್ ಸಿಲಿಂಡರ್, ಹೊಲಿಗೆ ಯಂತ್ರದಂಥ ಚಿಹ್ನೆಗಳಷ್ಟೇ. ಯಾರು ಯಾವ ಪಕ್ಷ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಅದು ಬೇರೆ ಮಾತು. 2020ರ ಡಿಸೆಂಬರಿನ ಚುನಾವಣೆಯಲ್ಲಿ ಬೀದರ್ ಜಿಲ್ಲೆಯೊಂದನ್ನು ಬಿಟ್ಟು ಉಳಿದೆಡೆ ಮತಪತ್ರವನ್ನೇ ಬಳಸಲಾಯಿತು. ಒಂದು ವಾರ್ಡಿಗೆ ಇಬ್ಬರು ಮೂವರು ಸದಸ್ಯರಿದ್ದರೆ ಅಷ್ಟು ಮತ ಹಾಕಬಹುದು.

ಗೆದ್ದವಳು ಹೆಂಡತಿ, ಕುರ್ಚಿಯಲ್ಲಿ ಕೂರುವವನು ಗಂಡ ಎಂಬ ದೃಶ್ಯವನ್ನು ನೀವೂ ನೋಡಿರುತ್ತೀರಿ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಸಭೆಯಲ್ಲಿ ಸದಸ್ಯರಲ್ಲದವರು ಕುಳಿತು ತೀರ್ಮಾನ ಹೇಳುವಂತಿಲ್ಲ.

ಯಾವ ಕೆಲಸಕ್ಕೆ ಪಂಚಾಯತಿಗೆ ಹೋಗಬೇಕು, ಯಾವುದಕ್ಕೆ ಬೇರೆ ಕಡೆ?

ಪಂಚಾಯತಿ ಬಾಗಿಲಿಗೆ ಬರುವ ದೂರುಗಳಲ್ಲಿ ಬಹಳಷ್ಟು ಬೇರೆ ಬಾಗಿಲಿಗೆ ಹೋಗಬೇಕಾದವು. ವಿಳಾಸ ತಪ್ಪಿದ ಕಾಗದದ ಹಾಗೆ ಅವು ಅಲ್ಲೇ ಬಿದ್ದಿರುತ್ತವೆ. ‘ಪಂಚಾಯತಿಯವರು ಏನೂ ಮಾಡಲಿಲ್ಲ’ ಎಂಬ ಹೆಸರು ಮಾತ್ರ ಉಳಿಯುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ವಿಧವಾ ವೇತನ ಇವೆಲ್ಲ ಕಂದಾಯ ಇಲಾಖೆಯವು, ನಾಡಕಚೇರಿಗೆ ಹೋಗಬೇಕು. ಹೊಲದ ಪಹಣಿ, ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಸಹ ಅವರದೇ. ಅಲ್ಲಿ ನಿಮಗೆ ಸಿಗುವವರು ಗ್ರಾಮ ಆಡಳಿತ ಅಧಿಕಾರಿ, ಹಳೆಯ ಹೆಸರಿನಲ್ಲಿ ಗ್ರಾಮ ಲೆಕ್ಕಿಗರು. ರೇಷನ್ ಕಾರ್ಡು ಆಹಾರ ಇಲಾಖೆಯದು. ಹೊಲದ ಮಧ್ಯೆ ಗಡಿ ಜಗಳವಿದ್ದರೆ ಭೂಮಾಪನದವರನ್ನು ಕರೆಸಿ ಹದ್ದುಬಸ್ತು ಮಾಡಿಸಬೇಕು. ಊರಿನ ಪಕ್ಕದ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದೋ ಜಿಲ್ಲಾ ಪಂಚಾಯತಿಯದೋ ಆಗಿರುತ್ತದೆ; ಅದರ ಗುಂಡಿಗೆ ಗ್ರಾಮ ಪಂಚಾಯತಿ ಒಂದು ಬುಟ್ಟಿ ಮಣ್ಣು ಹಾಕಿದರೂ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬರಬಹುದು. ಬೀದಿದೀಪದ ಕತೆ ಇನ್ನೂ ಚೆಂದ: ಬಲ್ಬು ಪಂಚಾಯತಿಯದು, ಕಂಬ ಮತ್ತು ತಂತಿ ವಿದ್ಯುತ್ ಕಂಪನಿಯದು.

ಹಾಗಾದರೆ ಪಂಚಾಯತಿಗೆ ಉಳಿದದ್ದೇನು? ನಲ್ಲಿ ನೀರು, ಚರಂಡಿ, ಊರೊಳಗಿನ ಬೀದಿ, ಕಸ ವಿಲೇವಾರಿ, ಸ್ಮಶಾನದ ನಿರ್ವಹಣೆ, ಮನೆ ಕಂದಾಯ, ಇ-ಸ್ವತ್ತು (ಕಂಪ್ಯೂಟರಿನಲ್ಲಿ ಆಗುವ ಆಸ್ತಿ ಖಾತೆ), ಕಟ್ಟಡ ಪರವಾನಗಿ, ಅಂಗಡಿ ಪರವಾನಗಿ, ವಸತಿ ಯೋಜನೆಗೆ ಫಲಾನುಭವಿಗಳ ಆಯ್ಕೆ, ಉದ್ಯೋಗ ಖಾತರಿ ಕೆಲಸ, ಸಂತೆ ಹರಾಜು. ಗ್ರಂಥಾಲಯವೂ ಈಗ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಯಲ್ಲಿದೆ, ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ. ಸಂಜೆ ಹೊತ್ತು ಅಲ್ಲಿ ಕಂಪ್ಯೂಟರಿನ ಮುಂದೆ ಮಕ್ಕಳು ಸರದಿಗಾಗಿ ಜಗಳವಾಡುವುದನ್ನು ನೋಡಿದರೆ ಕಟ್ಟಿದ ಕಂದಾಯ ವ್ಯರ್ಥವಾಗಲಿಲ್ಲ ಎನಿಸುತ್ತದೆ.

ಮನೆ ಕಂದಾಯದ ರಸೀದಿಯಲ್ಲಿ ಇಷ್ಟೊಂದು ಕರಗಳು ಏಕಿವೆ?

ರಸೀದಿಯನ್ನು ಒಮ್ಮೆ ಬಿಡಿಸಿ ಓದಿ. ನಿಮ್ಮ ಮನೆಯ ತೆರಿಗೆ 600 ರೂಪಾಯಿ ಎಂದುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಅಂದರೆ 90 ರೂಪಾಯಿ. ಶಿಕ್ಷಣ ಕರ ಶೇ 10, ಅದು 60. ಗ್ರಂಥಾಲಯ ಕರ ಶೇ 6, ಅದು 36. ಭಿಕ್ಷುಕರ ಕರ ಶೇ 3, ಅದು 18. ಒಟ್ಟು 204 ಸೇರಿ 804 ರೂಪಾಯಿ. ಈ 204 ರೂಪಾಯಿಯನ್ನು ವಸೂಲು ಮಾಡುವುದು ಪಂಚಾಯತಿಯಾದರೂ ಅದು ತನಗೆ ಬೇಕಾದಂತೆ ಖರ್ಚು ಮಾಡಬಹುದಾದ ಹಣವಲ್ಲ. ಯಾವ ಹೆಸರಿನಲ್ಲಿ ವಸೂಲಾಯಿತೋ ಆ ಬಾಬ್ತಿಗೇ ಸೇರಬೇಕು. ನೀರಿನ ಕಂದಾಯ ಬೇರೆ.

ಬಿಲ್ ಕಲೆಕ್ಟರ್ ಮನೆಗೆ ಬಂದಾಗ ಕೈಯಲ್ಲಿರುವ ಯಂತ್ರದಿಂದ ಚೀಟಿ ಹರಿದು ಕೊಡುತ್ತಾರೆ. ಆ ಶಾಯಿ ಆರು ತಿಂಗಳಲ್ಲಿ ಮಾಸಿ ಬಿಳಿ ಕಾಗದವಾಗುತ್ತದೆ. ತೆಗೆದುಕೊಂಡ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಾನು ಹೀಗೆ ಒಂದು ವರ್ಷದ ಕಂದಾಯವನ್ನು ಎರಡು ಸಲ ಕಟ್ಟಿದ್ದೇನೆ, ಸದಸ್ಯನಾಗಿದ್ದುಕೊಂಡೇ!

ಖಾತೆಯಲ್ಲಿ ಹೆಸರಿದ್ದರೆ ಜಾಗ ನನ್ನದಾಯಿತಲ್ಲ?

ಆಗಲಿಲ್ಲ. ಖಾತೆ ಹೇಳುವುದು ಈ ಆಸ್ತಿಯ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು ಎಂಬುದನ್ನು. ಹಕ್ಕು ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕುಪತ್ರಗಳಿಂದ. ಅವುಗಳ ಆಧಾರದ ಮೇಲೆ ಖಾತೆ ಆಗುತ್ತದೆಯೇ ಹೊರತು ಖಾತೆಯ ಆಧಾರದ ಮೇಲೆ ಹಕ್ಕು ಹುಟ್ಟುವುದಿಲ್ಲ.

ಇ-ಸ್ವತ್ತು ತಂತ್ರಾಂಶದಲ್ಲಿ ನಿಮಗೆ ಸಿಗುವ ಮುಖ್ಯ ಕಾಗದಗಳು ಎರಡು. ನಮೂನೆ 9ರಲ್ಲಿ ಆಸ್ತಿಯ ಅಳತೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಮಾಲೀಕರ ವಿವರ ಇರುತ್ತದೆ. ನಮೂನೆ 11ರಲ್ಲಿ ತೆರಿಗೆಯ ಬೇಡಿಕೆ, ವಸೂಲಿ, ಬಾಕಿ. ಗ್ರಾಮಠಾಣಾ (ಊರಿನ ಜನವಸತಿಯ ಜಾಗ) ಒಳಗಿನ ಮನೆ, ಸರ್ಕಾರ ಕೊಟ್ಟ ನಿವೇಶನ, ಭೂಪರಿವರ್ತನೆಯಾಗಿ ವಿನ್ಯಾಸ ಅನುಮೋದನೆ ಪಡೆದ ಬಡಾವಣೆ ಇವಕ್ಕೆ ಸಾಮಾನ್ಯವಾಗಿ ತೊಡಕಿಲ್ಲ. ತಕರಾರು ಹುಟ್ಟುವುದು ಹೊಲದಲ್ಲಿ ಪರಿವರ್ತನೆ ಇಲ್ಲದೆ ಎದ್ದ ಮನೆಗಳದು. ಅವುಗಳಿಂದ ಕಂದಾಯ ವಸೂಲು ಮಾಡಲು 11ಬಿ ಎಂಬ ಬೇರೆ ನಮೂನೆ ಇದೆ. ಕಂದಾಯ ಕಟ್ಟಿದ ಮಾತ್ರಕ್ಕೆ ಅಕ್ರಮ ಸಕ್ರಮವಾಯಿತು ಎಂದು ಯಾರಾದರೂ ಹೇಳಿದರೆ, ಅವರು ನಿಮಗೆ ನಿವೇಶನ ಮಾರಲು ಬಂದವರೇ ಇರಬೇಕು.

ಅಳತೆ ಹಾಕುವ ದಿನ ನೀವು ಸ್ಥಳದಲ್ಲಿರಿ, ಪಕ್ಕದ ಮನೆಯವರನ್ನೂ ಕರೆಯಿರಿ. ಉತ್ತರಕ್ಕೆ ಇರುವ ಓಣಿ ಕಾಗದದಲ್ಲಿ ದಕ್ಷಿಣಕ್ಕೆ ಹೋದರೆ ತಿದ್ದಿಸಲು ಮತ್ತೆ ಮೂರು ತಿಂಗಳು ಓಡಾಡಬೇಕು.

ಪಂಚಾಯತಿ ಖಾತೆಯಲ್ಲಿ ಹಣ ಇದೆಯಂತೆ, ನಮ್ಮ ಬೀದಿಗೆ ಮಾತ್ರ ಕಾಂಕ್ರೀಟು ಇಲ್ಲ. ಏಕೆ?

ಹಣಕ್ಕೂ ಹಗ್ಗ ಕಟ್ಟಿರುತ್ತಾರೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-26ರ ಅವಧಿಗೆ ಶೇ 60 ನಿರ್ಬಂಧಿತವಾಗಿತ್ತು: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40ರಲ್ಲಿ ಮಾತ್ರ ಪಂಚಾಯತಿ ತನ್ನ ವಿವೇಚನೆಯಂತೆ ಕೆಲಸ ಹಾಕಿಕೊಳ್ಳಬಹುದಿತ್ತು, ಅದರಲ್ಲೂ ಸಂಬಳ ಕೊಡುವಂತಿರಲಿಲ್ಲ. ಹೀಗಾಗಿ ನೀರಿನ ಹಣ ಬ್ಯಾಂಕಿನಲ್ಲಿ ಕುಳಿತಿರುವಾಗಲೇ ನಿಮ್ಮ ಬೀದಿ ಕೆಸರಾಗಿರುವುದು ಸಾಧ್ಯ. ಕೈಬಿಚ್ಚಿ ಖರ್ಚು ಮಾಡಬಹುದಾದದ್ದು ಸ್ವಂತ ಸಂಪನ್ಮೂಲ, ಅಂದರೆ ನೀವು ಕಟ್ಟುವ ಕಂದಾಯ, ಸಂತೆಯ ಹರಾಜು, ಮಳಿಗೆ ಬಾಡಿಗೆ.

ಇನ್ನೊಂದು ಕಾರಣ ಕ್ರಿಯಾಯೋಜನೆ, ಅಂದರೆ ಆ ವರ್ಷ ಮಾಡಬೇಕಾದ ಕೆಲಸಗಳ ಪಟ್ಟಿ. ಅದರಲ್ಲಿ ಹೆಸರಿಲ್ಲದ ಕೆಲಸಕ್ಕೆ ಬಿಲ್ಲು ಆಗುವುದಿಲ್ಲ. ಕ್ರಿಯಾಯೋಜನೆಯಲ್ಲಿ ಹೆಸರು ಬರಬೇಕಾದರೆ ಮುಂದಿನ ಪ್ರಶ್ನೆಯ ಉತ್ತರ ಓದಿ.

ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ? ಅಲ್ಲಿ ಬರೀ ಗಲಾಟೆ.

ಗಲಾಟೆ ಇರುತ್ತದೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮುಂದಿನ ಸಾಲಿನಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಹಿಂದೆ ಕೈಕಟ್ಟಿ ನಿಂತ ಯುವಕರು, ಕೃಷಿ ಇಲಾಖೆಯವರು ತಮ್ಮ ಯೋಜನೆಗಳನ್ನು ಓದುತ್ತಿರುವಾಗ ಮೈಕು ಕಿರುಚುವುದು. ಹನ್ನೊಂದಕ್ಕೆ ಎಂದ ಸಭೆ ಹನ್ನೆರಡೂವರೆಗೆ ಶುರುವಾಗುತ್ತದೆ. ಉಪ್ಪಿಟ್ಟು, ಕೇಸರಿಭಾತು ಬಂದ ಮೇಲೆ ಅರ್ಧ ಜನ ಇರುವುದಿಲ್ಲ.

ಆದರೂ ಹೋಗಿ. ಊರಿನ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ನಿಮ್ಮನ್ನು ಯಾರೂ ಅಲ್ಲಿಗೆ ಆರಿಸಿ ಕಳಿಸಬೇಕಿಲ್ಲ. ಆರು ತಿಂಗಳಿಗೆ ಒಂದು ಸಲವಾದರೂ ಅದು ನಡೆಯಲೇಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ನಡೆದು ಬೇಡಿಕೆಗಳು ಬರೆಯಲ್ಪಡಬೇಕು. ಮಹಿಳೆಯರದೂ ಮಕ್ಕಳದೂ ಬೇರೆ ಗ್ರಾಮಸಭೆಗಳಿವೆ. ನಮ್ಮಲ್ಲಿ ಒಂದು ವರ್ಷ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಎಂದಳು. ಮೂವತ್ತು ರೂಪಾಯಿಯ ಚಿಲಕ. ಎರಡು ವರ್ಷ ಯಾರಿಗೂ ಕಂಡಿರಲಿಲ್ಲ. ಮರುದಿನವೇ ಹಾಕಿಸಿದೆವು, ತಲೆ ತಗ್ಗಿಸಿಕೊಂಡು.

ಹೋಗುವಾಗ ಬಾಯಿಮಾತಿನ ಜೊತೆ ಒಂದು ಹಾಳೆ ಒಯ್ಯಿರಿ. ‘ಚರಂಡಿ ಆಗಬೇಕು’ ಎಂದು ಕೂಗಿದರೆ ಅದು ಗಾಳಿಗೆ ಹೋಗುತ್ತದೆ. ‘ಹನುಮಂತನ ಗುಡಿಯಿಂದ ಕೆರೆಕೋಡಿಯವರೆಗೆ, ಸುಮಾರು 80 ಮೀಟರ್ ಚರಂಡಿ’ ಎಂದು ಬರೆದು ನಾಲ್ಕು ಮನೆಯವರು ಸಹಿ ಹಾಕಿ ಕೊಟ್ಟರೆ ಅದು ನಡವಳಿ ಪುಸ್ತಕಕ್ಕೆ ಹೋಗುತ್ತದೆ. ಸಭೆ ಮುಗಿಯುವ ಮೊದಲು ಆ ಪುಸ್ತಕದಲ್ಲಿ ಏನು ಬರೆದರು ಎಂದು ಓದಿಸಿ. ಖಾಲಿ ಹಾಳೆಗೆ ಹಾಜರಾತಿ ಸಹಿ ಹಾಕಬೇಡಿ. ಹಾಗೆ ಪಡೆದ ಸಹಿಗಳ ಮೇಲೆ ಆಮೇಲೆ ಠರಾವು ಹುಟ್ಟಿದ ಕತೆಗಳನ್ನು ಕೇಳಿದ್ದೇನೆ.

ಸದಸ್ಯರಿಗೆ ಹೇಳಿದರೆ ಮನೆ ಮಂಜೂರಾಗುತ್ತದೆಯೇ?

ಸದಸ್ಯರಿಗೆ ಆ ಅಧಿಕಾರವಿಲ್ಲ. ಅಧ್ಯಕ್ಷರಿಗೂ ಇಲ್ಲ. ವಸತಿ ಯೋಜನೆಯ ಫಲಾನುಭವಿಗಳನ್ನು ಆಯ್ಕೆ ಮಾಡುವುದು ಗ್ರಾಮಸಭೆ. ಹಣ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಹಂತ ಹಂತವಾಗಿ, ಕಟ್ಟಡದ ಫೋಟೊ ದಾಖಲಾದ ಮೇಲೆ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಮಧ್ಯೆ ಯಾರಿಗೂ ಏನೂ ಕೊಡಬೇಕಾಗಿಲ್ಲ. ಕೊಡಿ ಎಂದವರಿದ್ದರೆ ಲೋಕಾಯುಕ್ತ ಇದೆ.

ಅರ್ಜಿ ಕೊಟ್ಟು ತಿಂಗಳಾಯಿತು. ‘ನಾಳೆ ಬನ್ನಿ’ ಎನ್ನುತ್ತಿದ್ದಾರೆ.

ಮೊದಲು ಹೇಳಿ, ಸ್ವೀಕೃತಿ ಇದೆಯೇ? ಕೈಯಲ್ಲಿ ಕೊಟ್ಟು ಬಂದ ಅರ್ಜಿ ಕೊಟ್ಟಂತಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಬೇಕು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ದ ವ್ಯಾಪ್ತಿಗೆ ಬರುವ ಸೇವೆಯಾದರೆ ನಿಮಗೆ ಒಂದು ಸಂಖ್ಯೆ ಕೊಡುತ್ತಾರೆ, ಅದರ ಮೇಲೆ ಗಡುವು ಓಡಲು ಶುರುವಾಗುತ್ತದೆ. 2012ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು. ಆದರೆ ಅದು ಅಧಿಕಾರಿಯ ದಾಖಲೆಯಲ್ಲಿ ನಿಲ್ಲುತ್ತದೆ, ಅದಕ್ಕೇ ಅವರಿಗೆ ಅದರ ಬಿಸಿ.

ಕೆಲಸ ಆಗುವುದಿಲ್ಲ ಎಂದಾದರೂ ಬಾಯಲ್ಲಿ ಹೇಳಿಸಿಕೊಂಡು ಬರಬೇಡಿ, ಹಿಂಬರಹ ಕೇಳಿ. ಕಾರಣ ಬರೆದು ಕೊಟ್ಟರೆ ಅದರ ಮೇಲೆ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಲ್ಲಿಂದ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಹೋಗಬಹುದು. ಕಾರಣ ಬರೆಯಲು ಕುಳಿತಾಗ ಎಷ್ಟೋ ಸಲ ಕಾರಣವೇ ಇರುವುದಿಲ್ಲ, ಕೆಲಸ ಆಗಿಬಿಡುತ್ತದೆ.

ಮಾಹಿತಿ ಬೇಕಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ; 30 ದಿನದೊಳಗೆ ಉತ್ತರ ಬರಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹತ್ತು ವರ್ಷದ ಎಲ್ಲ ದಾಖಲೆ ಕೊಡಿ ಎಂದು ಬರೆಯುವವರಿಗೆ ಏನೂ ಸಿಗುವುದಿಲ್ಲ. ‘ಇಂಥ ಬೀದಿಯ ಇಂಥ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ’ ಎಂದರೆ ಸಿಗುತ್ತದೆ.

ಜಮಾಬಂದಿ ಎಂದರೇನು?

ಪಂಚಾಯತಿಯ ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದೆ ಬಿಚ್ಚಿಡುವ ದಿನ. ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ. ಮೇಲಿನಿಂದ ಅಧಿಕಾರಿ ಬರುತ್ತಾರೆ, ಕಡತ ಕೇಳಬಹುದು, ಕಾಮಗಾರಿ ನಡೆದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿ ಎನ್ನಬಹುದು. ಗ್ರಾಮಸಭೆಗಿಂತಲೂ ಕಡಿಮೆ ಜನ ಬರುವುದು ಇದಕ್ಕೇ. ಕಳ್ಳಬಿಲ್ಲು ಮಾಡಿದವರು ಹೆದರುವುದೂ ಇದಕ್ಕೇ.

ಜನನ, ಮರಣ ನೋಂದಣಿ ತಡವಾದರೆ?

21 ದಿನದೊಳಗೆ ಮಾಡಿಸಿದರೆ ಖರ್ಚಿಲ್ಲ, ಓಡಾಟವಿಲ್ಲ. 30 ದಿನದವರೆಗೆ ತಡ ಶುಲ್ಕ. ಆಮೇಲೆ ಮೇಲಧಿಕಾರಿಯ ಅನುಮತಿ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವೇ ಬೇಕು. ಆಸ್ಪತ್ರೆಯಲ್ಲಿ ಆದದ್ದನ್ನು ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಿ ತೀರಿಕೊಂಡ ಹಿರಿಯರದ್ದೇ ಮರೆತುಹೋಗುವುದು, ಪೌತಿ ಖಾತೆಯ ಹೊತ್ತಿಗೆ ನೆನಪಾಗುವುದು.

ತಾಲ್ಲೂಕು, ಜಿಲ್ಲಾ ಪಂಚಾಯತಿಗೆ ನಮ್ಮ ಸದಸ್ಯರು ಯಾರು?

ಹಿಂದಿನ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ ಎಂದು ಸಂವಿಧಾನ ಬರೆದಿದ್ದಕ್ಕೆ ಎಷ್ಟು ಬೆಲೆ ಎಂದು ಕೇಳಬೇಡಿ, ಕೋಪ ಬರುತ್ತದೆ.

ಮಗ ಪಟ್ಟಣದಲ್ಲಿದ್ದಾನೆ. ಅಲ್ಲಿಯೂ ಹೀಗೆಯೇ?

ಅಲ್ಲಿ ಸಂವಿಧಾನದ 74ನೇ ತಿದ್ದುಪಡಿ. ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯತಿ, ಐವತ್ತು ಸಾವಿರದವರೆಗೆ ಪುರಸಭೆ, ಮೂರು ಲಕ್ಷದವರೆಗೆ ನಗರಸಭೆ, ಅದರ ಮೇಲೆ ಮಹಾನಗರ ಪಾಲಿಕೆ. ಪಿಡಿಒ ಬದಲು ಮುಖ್ಯಾಧಿಕಾರಿ ಅಥವಾ ಆಯುಕ್ತರು. ಚುನಾವಣೆ ಪಕ್ಷದ ಚಿಹ್ನೆಯ ಮೇಲೆ. ಬೆಂಗಳೂರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಅಲ್ಲಿನವರಿಗೆ ಗ್ರಾಮಸಭೆ ಎಂಬುದಿಲ್ಲ. ಉಪ್ಪಿಟ್ಟೂ ಇಲ್ಲ.

ನೀವು ಮತ್ತೆ ಏಕೆ ನಿಲ್ಲಲಿಲ್ಲ?

ಮೀಸಲಾತಿ ಬದಲಾಯಿತು, ನಮ್ಮ ವಾರ್ಡು ಮಹಿಳೆಯರಿಗೆ ಹೋಯಿತು. ‘ನಿಮ್ಮ ಮನೆಯವರನ್ನೇ ನಿಲ್ಲಿಸಿ, ಓಡಾಟ ನೀವು ಮಾಡಿ’ ಎಂದು ನಾಲ್ಕು ಜನ ಬಂದರು. ನನ್ನ ಹೆಂಡತಿ ಒಳಗಿನಿಂದಲೇ, ‘ನಿಂತರೆ ಓಡಾಟವೂ ನನ್ನದೇ, ಇವರು ಮನೆಯಲ್ಲಿ ಹಾಲು ಕರೆಯುತ್ತಾರೆಯೇ ಕೇಳಿ’ ಎಂದಳು. ಅವರು ಕಾಫಿ ಕುಡಿದು ಹೋದರು. ಗೆದ್ದವರು ಬಸ್ ನಿಲ್ದಾಣದ ಹತ್ತಿರ ಬಟ್ಟೆ ಹೊಲಿಯುವ ಹೆಣ್ಣುಮಗಳು. ಮೊದಲ ಗ್ರಾಮಸಭೆಯಲ್ಲೇ ಹಳೆಯ ಅಳತೆ ಪುಸ್ತಕ ತರಿಸಿ, ನನ್ನ ಕಾಲದಲ್ಲಿ ಕಟ್ಟಿದ ಚರಂಡಿಗೆ ಪುಸ್ತಕದಲ್ಲಿ 60 ಮೀಟರ್ ಇದೆ, ಟೇಪು ಹಿಡಿದರೆ 52 ಇದೆ, ಉಳಿದದ್ದು ಎಲ್ಲಿ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ನಿಲ್ಲಬೇಕಾಯಿತು.